ತೆಗೆದ ಕೊಳೆ

ಮಾರ್ಚ್ ೪, ಸೋಮವಾರ

ಬೇಡ ಬೇಡವೆಂದರೂ ಕೆಲಸ ನನ್ನ ಕೊರಳಿಗೇ ಬಿತ್ತು. ಧರ್ಮಗಳ ಹೊಸ ಪ್ರದರ್ಶನದಲ್ಲಿ ಹಿಂದೂ ವಿಭಾಗದ ಗೋಡೆಬರಹಗಳನ್ನು ನಾನೇ ಬರೆಯಬೇಕಂತೆ. ಈ ವಸ್ತುಸಂಗ್ರಹಾಲಯದಲ್ಲಿ ನನ್ನ ಕೆಲಸ ಹಳೆಯ ಲೋಹದ ವಿಗ್ರಹಗಳನ್ನು ಶುಚಿ ಮಾಡುವುದು, ಮುರಿದದ್ದನ್ನು ಕೂಡಿಸುವುದು, ಕಿಲುಬು ಹಿಡಿಯದಂತೆ ನೋಡಿಕೊಳ್ಳುವುದು. ಬರೆಯುವುದಲ್ಲ. ಹಾಗೆಂದು ಹೇಳಿದರೆ ಪ್ರದರ್ಶನ ವಿಭಾಗದ ಮುಖ್ಯಸ್ಥೆ ಕೇಳಬೇಕಲ್ಲ. ನಮಸ್ಕಾರಕ್ಕೆ ಮೊದಲು ಗಡುವು ಹೇಳುವವರಾದ್ದರಿಂದ ನಾನು ಅವರನ್ನು ಗಡುವು ಮೇಡಂ ಎಂದೇ ಕರೆಯುವುದು, ಮನಸ್ಸಿನಲ್ಲಿ.

"ನೀವು ಹಿಂದೂ ಮನೇಲಿ ಹುಟ್ಟಿ ಬೆಳೆದವ್ರು ಅಲ್ವಾ? ಮೂರು ಗೋಡೆ ಅಷ್ಟೇ. ಮೂಲ, ದೇವತೆಗಳು, ನಂಬಿಕೆಗಳು. ಏನೂ ಗೊತ್ತಿಲ್ದೆ ಒಳಗೆ ಬಂದವ್ರು ಒಂದಿಷ್ಟು ತಿಳ್ಕೊಂಡು ಹೊರಗೆ ಹೋಗ್ಬೇಕು."

ಹುಟ್ಟಿ ಬೆಳೆದದ್ದು ನಿಜ. ಕೈ ಮುಗಿಯುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ನನ್ನ ಮೇಜಿನ ಮೇಲೆ ಮಲಗಿದರೆ ಎಲ್ಲ ದೇವರೂ ಒಂದೇ: ತಾಮ್ರ, ತವರ, ಸ್ವಲ್ಪ ಸೀಸ.

ಮೊದಲ ಗೋಡೆಗೇ ಏಟು ಬಿತ್ತು. ಬೇರೆ ವಿಭಾಗಗಳಲ್ಲಿ ಸುಲಭ. ಸ್ಥಾಪಿಸಿದವರು ಯಾರು, ಗ್ರಂಥ ಯಾವುದು, ಯಾವ ಕಾಲ ಎಂದು ಶುರು ಮಾಡಬಹುದು. ಇಲ್ಲಿ ಸ್ಥಾಪಿಸಿದವರು ಇಲ್ಲ. ಗ್ರಂಥ ಒಂದಲ್ಲ. ಶುರುವಾದ ದಿನ ಯಾರಿಗೂ ಗೊತ್ತಿಲ್ಲ. ಹೆಸರು ಕೂಡ ಸ್ವಂತದ್ದಲ್ಲ. ಸಿಂಧೂ ನದಿಯಾಚೆಯ ಜನರನ್ನು ಹೊರಗಿನವರು ಕರೆದ ಹೆಸರು ಕಾಲಾಂತರದಲ್ಲಿ ಧರ್ಮಕ್ಕೆ ಅಂಟಿಕೊಂಡಿತು. ಇಷ್ಟನ್ನು ಓದಿ ಮೇಡಂ, "ಇಲ್ಲ ಇಲ್ಲ ಅನ್ನೋದು ಬಿಟ್ರೆ ಏನೂ ಇಲ್ವಲ್ರೀ ಇದ್ರಲ್ಲಿ" ಎಂದರು.

ಇನ್ನೊಂದು ಬೇಡಿಕೆ. ಉಗ್ರಾಣದಲ್ಲಿ ಇರುವುದೆಲ್ಲ ದೇವಾಲಯದ ವಿಗ್ರಹಗಳು. ಯಾರದಾದರೂ ಮನೆಯಲ್ಲಿ ದಿನವೂ ಪೂಜೆಗೊಳ್ಳುವ ವಿಗ್ರಹ ಒಂದು ನಡುವಿನ ಗಾಜಿನ ಪೆಟ್ಟಿಗೆಯಲ್ಲಿರಬೇಕಂತೆ, ಕೆಲವು ತಿಂಗಳ ಎರವಲಿಗೆ. ಸುಮ್ಮನಿರಬಾರದಿತ್ತೇ? "ನಮ್ಮ ದೊಡ್ಡಮ್ಮನ ಹತ್ರ ಒಂದಿದೆ" ಎಂದುಬಿಟ್ಟೆ.

ಮಾರ್ಚ್ ೬, ಬುಧವಾರ

ದೊಡ್ಡಮ್ಮ ಒಪ್ಪುವುದಿಲ್ಲ ಎಂದುಕೊಂಡಿದ್ದೆ. ಒಪ್ಪಿದಳು. ನಾನು ಕೇಳಿದೆನೆಂದು ಮಾತ್ರ ಒಪ್ಪಿದಳು, ಅದು ನನಗೆ ಗೊತ್ತು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅಮ್ಮನ ಈ ಅಕ್ಕ. ನಾನು ಕೇಳಿದ್ದಕ್ಕೆ ಇಲ್ಲ ಎಂದವಳಲ್ಲ, ಬೈದು ಕೊಡುವ ಜಾತಿ.

"ನಾಲ್ಕು ಜನ ನೋಡ್ಲಿ ಬಿಡು. ನನ್ನ ಮುಖಾನೇ ನೋಡಿ ನೋಡಿ ಅವಳಿಗೂ ಬೇಜಾರಾಗಿರತ್ತೆ."

ವಿಗ್ರಹ ಗೇಣುದ್ದದ್ದು. ಅಜ್ಜಿಯ ತಾಯಿಯ ಕಾಲದಿಂದ ಹೆಣ್ಣುಮಕ್ಕಳ ಕೈಯಿಂದ ಹೆಣ್ಣುಮಕ್ಕಳ ಕೈಗೆ ಬಂದದ್ದು. ಮನೆಯಲ್ಲಿ ಅದನ್ನು ಲಕ್ಷ್ಮಿ ಎನ್ನುತ್ತಾರೆ. ಎಡಗಾಲಿನ ಕಿರುಬೆರಳು ಮುರಿದಿದೆ. ಅಮ್ಮ ಚಿಕ್ಕವಳಿದ್ದಾಗ ಕೆಳಗೆ ಬೀಳಿಸಿದ್ದಂತೆ. ಹಣೆಯ ಮೇಲೆ ಕುಂಕುಮ, ಎಣ್ಣೆ, ದೀಪದ ಮಸಿ ಎಲ್ಲ ಸೇರಿ ಗಟ್ಟಿಯಾಗಿ ಗಂಟುಕಟ್ಟಿದೆ. ಕಣ್ಣು ಮೂಗು ತಿಳಿಯುವುದಿಲ್ಲ. ನಾನು ಮಗುವಾಗಿದ್ದಾಗ ಯಾರೋ ಎತ್ತಿ ಹಿಡಿದು ಇದಕ್ಕೆ ಕುಂಕುಮ ಇಡಿಸುತ್ತಿದ್ದರು. ಕಂಕುಳಲ್ಲಿ ಕೈ ಹಾಕಿ ಎತ್ತಿದ ಹಿಡಿತ ನೆನಪಿದೆ, ಎತ್ತಿದವರು ಯಾರೆಂದು ನೆನಪಿಲ್ಲ.

ಬಟ್ಟೆಯಲ್ಲಿ ಸುತ್ತಿ ಕೊಡುವಾಗ ದೊಡ್ಡಮ್ಮ ಹೇಳಿದ್ದು ಒಂದೇ ಮಾತು. "ಮುಖ ಮಾತ್ರ ಮುಟ್ಬೇಡ ಪುಟ್ಟಿ. ಹೇಗಿದ್ದಾಳೋ ಹಾಗೇ ಇರ್ಲಿ."

"ಮುಟ್ಟಲ್ಲ ದೊಡ್ಡಮ್ಮ" ಎಂದೆ.

ಮಾರ್ಚ್ ೮, ಶುಕ್ರವಾರ

ಏನು ಮಾಡಿದೆ ನಾನು.

ಸರಿಯಾಗಿ ಬರೆಯುತ್ತೇನೆ, ಬೇರೆ ಯಾರಿಗೂ ಹೇಳುವಂತಿಲ್ಲ. ಮಧ್ಯಾಹ್ನ ಅಳತೆ ತೆಗೆಯಲೆಂದು ವಿಗ್ರಹವನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ಮೈಯೆಲ್ಲ ಶುಭ್ರವಾಗಿದೆ, ಪಾದ ತೊಳೆದು ತೊಳೆದು ಸವೆದಿದೆ, ಮುಖ ಮಾತ್ರ ಹೀಗೆ. ಮೈ ಒರೆಸುವವರು ಮುಖಕ್ಕೆ ಸೋಮಾರಿತನ ಮಾಡಿದ್ದಾರೆ ಎಂದುಕೊಂಡೆ. ಕಣ್ಣಿನ ಮೂಲೆಯಲ್ಲಿ ಪದರ ಒಂದಿಷ್ಟು ಎದ್ದಿತ್ತು, ಅದರಡಿಯಲ್ಲಿ ಬೆಳ್ಳಗೆ ಏನೋ ಮಿನುಗಿತು. ಬೆಳ್ಳಿ. ಕಣ್ಣಿಗೆ ಬೆಳ್ಳಿ ಕೂರಿಸಿದ್ದಾರೆ! ನನ್ನ ಕಸುಬಿನವರಿಗೆ ಆ ಮಿನುಗು ಕಂಡರೆ ಕೈ ಸುಮ್ಮನಿರುವುದಿಲ್ಲ.

ನಮ್ಮಲ್ಲಿ ಕಿಟಕಿ ತೆರೆಯುವುದು ಎಂಬ ಪದ್ಧತಿ ಇದೆ. ಇಡೀ ವಸ್ತುವನ್ನು ಮುಟ್ಟುವ ಮೊದಲು ಎಲ್ಲಾದರೂ ಮೂಲೆಯಲ್ಲಿ ಉಗುರಗಲ ಜಾಗವನ್ನು ಶುಚಿ ಮಾಡಿ ನೋಡುತ್ತೇವೆ. ಅದೊಂದು ಕಿಟಕಿ. ನಾನು ಕಣ್ಣಿನ ಮೂಲೆಯಲ್ಲಿ ಒಂದು ಕಿಟಕಿ ತೆರೆದೆ. ಅಷ್ಟೇ ಎಂದುಕೊಂಡೆ. ತೆರೆದ ಮೇಲೆ ಅದು ಕೊಳಕು ಮುಖದ ಮೇಲೊಂದು ಗಾಯದಂತೆ ಎದ್ದು ಕಂಡಿತು. ಅಂಚನ್ನು ಸ್ವಲ್ಪ ಹೊಂದಿಸೋಣವೆಂದು ಹತ್ತಿಯ ಕಡ್ಡಿಯನ್ನು ದ್ರಾವಣದಲ್ಲಿ ಅದ್ದಿ ಉಜ್ಜಿದೆ. ಹೊಂದಿಸಿದಷ್ಟೂ ಅಂಚು ಆಚೆ ಹೋಯಿತು. ಒಂದು ಕಣ್ಣು ಪೂರ್ತಿ ಬಂತು. ಒಂದು ಕಣ್ಣು ಬಿಟ್ಟು ಇನ್ನೊಂದನ್ನು ಮುಚ್ಚಿಡುವುದು ಹೇಗೆ? ಹಣೆಯಿಂದ ಮೂಗಿನ ತುದಿಯವರೆಗೆ, ಪದರಗಳ ನಡುವೆ, ಕಡುಗೆಂಪು ಗೆರೆಯೊಂದು ಇಳಿದಿತ್ತು, ಯಾರೋ ಅಡ್ಡಾದಿಡ್ಡಿ ಬಳಿದ ಹಾಗೆ. ಅದನ್ನು ಸಣ್ಣ ಚಾಕುವಿನಿಂದ ಎಬ್ಬಿಸಿದೆ.

ಸಂಜೆ ಎಲ್ಲರೂ ಮನೆಗೆ ಹೊರಡುವ ಹೊತ್ತಿಗೆ ಮುಖ ಪೂರ್ತಿ ಹೊರಗೆ ಬಂದಿತ್ತು. ನನ್ನ ಕೈಯಲ್ಲಿ ಇದುವರೆಗೆ ಇಷ್ಟು ಚೆಲುವಾದ ಮುಖ ಬಂದಿಲ್ಲ. ಅದನ್ನು ನೋಡಿ ಮೊದಲು ಸಂತೋಷವಾಯಿತು. ಅದನ್ನೂ ಬರೆದಿಡಬೇಕು. ಸಂತೋಷವೇ ಆಯಿತು, ಆಮೇಲೆ ದೊಡ್ಡಮ್ಮನಿಗೆ ಕೊಟ್ಟ ಮಾತು ನೆನಪಾಯಿತು.

ಕೆರೆದು ತೆಗೆದದ್ದನ್ನು ಎಸೆಯುವಂತಿಲ್ಲ, ಅದೂ ಪದ್ಧತಿ. ಗಾಜಿನ ಸೀಸೆಗೆ ತುಂಬಿ ಚೀಟಿ ಅಂಟಿಸಿದೆ. "ತೆಗೆದ ಕೊಳೆ. ಮುಖ." ಯಾವಾಗಲೂ ಹಾಗೇ ಬರೆಯುವುದು.

ಮಾರ್ಚ್ ೯, ಶನಿವಾರ

ಬರೆಯುವಂಥದ್ದು ಏನೂ ಇಲ್ಲ. ಊಟ ಸೇರಲಿಲ್ಲ.

ಮಾರ್ಚ್ ೧೧, ಸೋಮವಾರ

ಮೇಡಂ ನೋಡಿದರು. ಬಾಯಿ ಬಿಟ್ಟುಕೊಂಡು ನಿಂತರು. ಗಡುವು ಮರೆತು ನಿಂತದ್ದನ್ನು ನಾನು ಕಂಡದ್ದು ಇದೇ ಮೊದಲು.

"ಇದು ನಿಮ್ಮ ದೊಡ್ಡಮ್ಮನ ಮನೇಲಿ ಮಸಿ ಹಿಡ್ಕೊಂಡು ಕೂತಿತ್ತಾ? ಎಂಥಾ ಕೆಲ್ಸ ಮಾಡಿದೀರ್ರೀ!"

ಇನ್ನೊಂದು ವಿಷಯವನ್ನು ತೋರಿಸಿದ್ದೂ ಅವರೇ. ನಾನು ಶುಕ್ರವಾರವೇ ನೋಡಿದ್ದೆ, ಒಪ್ಪಿಕೊಂಡಿರಲಿಲ್ಲ. ಹಣೆಯ ನಡುವೆ, ಕುಂಕುಮದ ಗಂಟು ಇದ್ದ ಜಾಗದಲ್ಲೇ, ಉದ್ದಕ್ಕೆ ಕೊರೆದ ಮೂರನೆಯ ಕಣ್ಣು ಇದೆ. ಹಾಗಾದರೆ ಲಕ್ಷ್ಮಿಯಲ್ಲ. ಶಿವನ ಕಡೆಯವಳು, ಪಾರ್ವತಿಯೋ ದುರ್ಗೆಯೋ. ಎಷ್ಟು ತಲೆಮಾರು ಲಕ್ಷ್ಮಿ ಎಂದು ಕರೆದರೋ, ಅಷ್ಟು ತಲೆಮಾರೂ ಇವಳು ಕುಂಕುಮದ ಕೆಳಗೆ ಬೇರೆ ಯಾರೋ ಆಗಿದ್ದಳು. ಮುಖವನ್ನಷ್ಟೇ ಅಲ್ಲ, ದೊಡ್ಡಮ್ಮನಿಂದ ಹೆಸರನ್ನೂ ಕಿತ್ತುಕೊಂಡಂತಾಯಿತು.

ಪ್ರಚಾರದ ಪೋಸ್ಟರಿಗೆ ಇದೇ ಮುಖವಂತೆ.

ಎರಡನೆಯ ಗೋಡೆ ಬರೆಯಲು ಕುಳಿತೆ. ಸೃಷ್ಟಿಗೆ ಬ್ರಹ್ಮ, ಪಾಲನೆಗೆ ವಿಷ್ಣು, ಲಯಕ್ಕೆ ಶಿವ. ವಿಷ್ಣು ಕೆಟ್ಟ ಕಾಲ ಬಂದಾಗಲೆಲ್ಲ ಅವತಾರವೆತ್ತಿ ಇಳಿದು ಬರುತ್ತಾನೆ. ಏನಾದರೂ ತೊಡಗುವ ಮುನ್ನ ಗಣೇಶ. ಇವರೆಲ್ಲರ ಶಕ್ತಿಯೂ ದೇವಿ. ಲಕ್ಷ್ಮಿ, ಸರಸ್ವತಿ, ಪಾರ್ವತಿ ಅವಳ ರೂಪಗಳು. ಮುಂದೆ ಬರೆಯಬೇಕಾದದ್ದು: ಒಂದೇ ಸತ್ಯವನ್ನು ಬಲ್ಲವರು ಹಲವು ಹೆಸರಿನಿಂದ ಕರೆಯುತ್ತಾರೆ. ಅಷ್ಟನ್ನು ಬರೆದು, ನನ್ನ ಅನುಕೂಲಕ್ಕೆ ಬರೆದೆನೋ ಎನ್ನಿಸಿ ಹೊಡೆದುಹಾಕಿದೆ. ಆಮೇಲೆ ಮತ್ತೆ ಬರೆದೆ.

ಮಾರ್ಚ್ ೧೪, ಗುರುವಾರ

ದೊಡ್ಡಮ್ಮನ ಫೋನು.

"ಹೇಗಿದ್ದಾಳೆ ನಮ್ಮವಳು?"

"ಚೆನ್ನಾಗಿದ್ದಾಳೆ."

"ಮುಖ ಮುಟ್ಟಿಲ್ಲ ತಾನೇ? ನಿಂಗೆ ಚಿಕ್ಕವಳಿದ್ದಾಗಿಂದ ಗಾಯ ಕೆರೆಯೋ ಚಟ."

"ಹಾಗೇ ಇದ್ದಾಳೆ ದೊಡ್ಡಮ್ಮ."

ಎಷ್ಟು ಸಲೀಸಾಗಿ ಬಂತು ಸುಳ್ಳು. ಆಮೇಲೆ ಅವಳು ಮೊಣಕಾಲು ನೋವಿನ ಬಗ್ಗೆ, ಮೇಲಿನ ಮನೆಯವರ ನಲ್ಲಿ ಸೋರುವುದರ ಬಗ್ಗೆ ಮಾತಾಡಿದಳು. ನಾನು ಹೂಂ ಎನ್ನುತ್ತಿದ್ದೆ. ಫೋನಿಟ್ಟ ಮೇಲೆ ಮೇಜಿನ ಮೇಲಿದ್ದ ವಿಗ್ರಹದತ್ತ ನೋಡಲಾಗಲಿಲ್ಲ. ಕುರ್ಚಿಯನ್ನು ಸ್ವಲ್ಪ ತಿರುಗಿಸಿಕೊಂಡೆ. ಆಮೇಲೆ ಅವಳಿಗೆ ಬೆನ್ನು ಹಾಕಿ ಕೂತಂತಾಯಿತೆಂದು ಮತ್ತೆ ತಿರುಗಿಸಿದೆ.

ಮಾರ್ಚ್ ೧೯, ಮಂಗಳವಾರ

ಛಾಯಾಗ್ರಾಹಕ ಬಂದಿದ್ದ. ದೊಡ್ಡ ದೀಪವನ್ನು ಮುಖದ ಹತ್ತಿರ ತಂದು ಹಿಡಿದ. "ಸ್ವಲ್ಪ ಹಿಂದೆ ಇಟ್ಕೊಳ್ಳಿ, ಅವಳ ಕಣ್ಣಿಗೆ ಹೊಡೆಯತ್ತೆ" ಎಂದೆ. ಆತ ನನ್ನನ್ನು ವಿಚಿತ್ರವಾಗಿ ನೋಡಿದ. ಬೆಳ್ಳಿಗೆ ಬಿಸಿ ಒಳ್ಳೆಯದಲ್ಲ, ಅದಕ್ಕೇ ಹೇಳಿದ್ದು.

ಮೂರನೆಯ ಗೋಡೆ, ನಂಬಿಕೆಗಳು. ಮೊದಲು ಆತ್ಮ: ಎಲ್ಲ ಜೀವಿಗಳ ಒಳಗೂ ಇರುವುದು, ಮೈ ಅಳಿದರೂ ಅಳಿಯದ್ದು. ಆಮೇಲೆ ಧರ್ಮ: ಅವರವರ ಪಾಲಿಗೆ ಬಂದ ಸರಿಯಾದ ನಡೆ. ಹುಟ್ಟು ಸಾವುಗಳ ಸುತ್ತು ಸಂಸಾರ, ಅದರಿಂದ ಬಿಡುಗಡೆ ಮೋಕ್ಷ. ಇವೆಲ್ಲ ಸರಾಗವಾಗಿ ಬಂದವು. ಕರ್ಮಕ್ಕೆ ಬಂದಾಗ ಪೆನ್ನು ನಿಂತಿತು.

ಕರ್ಮವೆಂದರೆ ಹಣೆಬರಹ ಎಂದುಕೊಂಡವರೇ ಹೆಚ್ಚು. ಅಲ್ಲ. ಕರ್ಮವೆಂದರೆ ಕೆಲಸ. ಮಾಡಿದ ಕೆಲಸ ಮಾಡಿದವರ ಬೆನ್ನು ಬಿಡುವುದಿಲ್ಲ, ಅದರ ಫಲವನ್ನು ಇನ್ನೊಬ್ಬರ ಕೈಗೆ ದಾಟಿಸಲಾಗುವುದಿಲ್ಲ. ನಮ್ಮ ಕಸುಬಿನ ಮೊದಲ ಪಾಠವೂ ಇದಕ್ಕೆ ಹತ್ತಿರದ್ದೇ: ಹಿಂತೆಗೆಯಲಾಗದ್ದನ್ನು ಮಾಡಬೇಡ. ಅಂಟಿಸಿದರೆ ಬಿಡಿಸುವಂತಿರಬೇಕು, ಬಣ್ಣ ಹಚ್ಚಿದರೆ ಒರೆಸುವಂತಿರಬೇಕು. ಒಂದನ್ನು ಮಾತ್ರ ಹಿಂತೆಗೆಯಲು ಬರುವುದಿಲ್ಲ, ಶುಚಿ ಮಾಡಿದ್ದನ್ನು. ಹೊಸಬರಿಗೆ ಇದನ್ನು ಹೇಳಿಕೊಡುವವಳೂ ನಾನೇ. ನಾಚಿಕೆಯಾಗುತ್ತದೆ.

ಗೋಡೆಗೆ ಇಷ್ಟೇ ಬರೆದೆ: "ಕರ್ಮ: ಮಾಡಿದ್ದು ಉಳಿಯುತ್ತದೆ." ಮೇಡಂಗೆ ಇಷ್ಟವಾಯಿತು. ಚಿಕ್ಕದಾಗಿದೆ ಎಂದರು.

ಮಾರ್ಚ್ ೨೩, ಶನಿವಾರ

ರಜೆಯಾದರೂ ಹೋದೆ. ತಾಮ್ರದ ಒಂದು ತಗಡಿನ ಮೇಲೆ ಮೇಣ, ಎಣ್ಣೆ, ಕೆಂಪು ಪುಡಿ, ಮಸಿ ಬೆರೆಸಿ ಹಚ್ಚಿ, ಬಿಸಿಗಾಳಿಯಲ್ಲಿ ಒಣಗಿಸಿ, ಮತ್ತೆ ಹಚ್ಚಿದೆ. ಸೀಸೆಯಲ್ಲಿರುವ ಚೂರಿನ ಪಕ್ಕದಲ್ಲಿ ಇಟ್ಟು ನೋಡಿದೆ. ಬಣ್ಣ ಹೊಂದಿತು. ಬಿರುಕು ಕೂಡ ಹೊಂದಿತು. ಹಣೆಯ ಮೇಲೆ ಇಂಥದೊಂದು ಗಂಟನ್ನು ಕೂರಿಸಿ ಮನೆಗೆ ಕಳಿಸಿದರೆ ದೊಡ್ಡಮ್ಮನಿಗಷ್ಟೇ ಅಲ್ಲ, ನನ್ನ ಕಸುಬಿನವರಿಗೂ ಗೊತ್ತಾಗುವುದಿಲ್ಲ.

ದಿನವೂ ಆ ಸುಳ್ಳಿಗೆ ದೊಡ್ಡಮ್ಮ ಕೈ ಮುಗಿಯುತ್ತಾಳೆ ಎಂದು ಯೋಚಿಸಿದೆ. ತಗಡನ್ನು ಉಜ್ಜಿ ತೊಳೆದುಬಿಟ್ಟೆ.

ಹೊರಡುವ ಮುಂಚೆ ನೋಡುತ್ತೇನೆ, ಚಪ್ಪಲಿ ಬಾಗಿಲ ಹೊರಗಿದೆ. ಯಾವಾಗ ಬಿಟ್ಟೆನೋ. ಪ್ರಯೋಗಾಲಯದಲ್ಲಿ ಬರಿಗಾಲಲ್ಲಿ ಓಡಾಡುವುದು ನಿಯಮಕ್ಕೆ ವಿರುದ್ಧ, ಇನ್ನು ಮುಂದೆ ಜ್ಞಾಪಕವಿಟ್ಟುಕೊಳ್ಳಬೇಕು.

ಮಾರ್ಚ್ ೨೭, ಬುಧವಾರ

ಇವತ್ತು ಮಾಡಿದ್ದು ಅವತ್ತಿನದಕ್ಕಿಂತ ಕೆಟ್ಟದ್ದು.

ದೊಡ್ಡಮ್ಮ ಉದ್ಘಾಟನೆಗೆ ಬರುತ್ತೇನೆಂದಳು. ಹೊಸ ಸೀರೆಗೆ ರವಿಕೆ ಹೊಲಿಯಲು ಕೊಟ್ಟಿದ್ದಾಳಂತೆ. "ಅವಳು ಗಾಜಿನ ಪೆಟ್ಟಿಗೇಲಿ ಮಹಾರಾಣಿ ಹಾಗೆ ಕೂತಿರೋದನ್ನ ನೋಡ್ಬೇಕು."

"ಅವತ್ತು ಬೇಡ ದೊಡ್ಡಮ್ಮ. ತುಂಬಾ ಜನ. ಕೂರೋಕೂ ಜಾಗ ಇರಲ್ಲ, ನಿನ್ನ ಮೊಣಕಾಲು ಬೇರೆ."

"ನಿಂತ್ಕೋತೀನಿ ಬಿಡೇ."

"ಮೆಟ್ಟಿಲು ಬೇರೆ ಜಾಸ್ತಿ. ನಾನೇ ಇನ್ನೊಂದು ದಿನ ನಿಧಾನಕ್ಕೆ ಕರ್ಕೊಂಡು ಬರ್ತೀನಿ."

"ಸರಿ ಬಿಡು. ನಿಂಗೆ ಕೆಲ್ಸ ಇರತ್ತೆ, ನನ್ನನ್ನ ಬೇರೆ ಎಲ್ಲಿ ನೋಡ್ಕೋತೀಯ" ಎಂದಳು. ಕೋಪದಿಂದ ಹೇಳಲಿಲ್ಲ. ಕೋಪದಿಂದ ಹೇಳಿದ್ದರೆ ಚೆನ್ನಾಗಿತ್ತು.

ನಮ್ಮ ಕಟ್ಟಡದಲ್ಲಿ ಲಿಫ್ಟ್ ಇದೆ.

ಏಪ್ರಿಲ್ ೫, ಶುಕ್ರವಾರ

ಉದ್ಘಾಟನೆ ಆಯಿತು. ಭಾಷಣಗಳು ಆದವು. ನನ್ನನ್ನು ಮುಂದೆ ಕರೆದು ಚಪ್ಪಾಳೆ ತಟ್ಟಿಸಿದರು. ಮೇಡಂ ಮೈಕಿನಲ್ಲಿ, "ಎಷ್ಟೋ ವರ್ಷಗಳ ಕೊಳೆಯ ಕೆಳಗಿಂದ ಈ ಮುಖವನ್ನು ನಮಗೆ ಕೊಟ್ಟವರು" ಎಂದರು. ಎಲ್ಲರೂ ಅವಳ ಮುಂದೆ ನಿಂತು ಫೋನಿನಲ್ಲಿ ಚಿತ್ರ ತೆಗೆದುಕೊಂಡರು. ಯಾರೋ ಒಬ್ಬ ಹೆಂಗಸು ಮಾತ್ರ ಚಿತ್ರ ತೆಗೆಯದೆ ಕೈ ಮುಗಿದು ಕಣ್ಣು ಮುಚ್ಚಿ ನಿಂತಿದ್ದಳು. ಹಿಂದಿನವರು "ಸ್ವಲ್ಪ ಸರೀರಿ" ಎಂದಾಗ ಸರಿದಳು.

ಪೆಟ್ಟಿಗೆಯ ಚೀಟಿಯಲ್ಲಿ ಹೆಸರಿನ ಜಾಗಕ್ಕೆ "ದೇವಿ" ಎಂದಷ್ಟೇ ಬರೆದಿದ್ದೇನೆ.

ಏಪ್ರಿಲ್ ೧೦, ಬುಧವಾರ

ಮಧ್ಯಾಹ್ನ ದೊಡ್ಡಮ್ಮನ ಫೋನು. ಮೊಣಕಾಲಿನ ಡಾಕ್ಟರ ಹತ್ತಿರ ಹೋಗಿದ್ದಳಂತೆ, ಅಲ್ಲಿಯ ಗೋಡೆಯ ಮೇಲೆ ನಮ್ಮ ಪೋಸ್ಟರು ಕಂಡಿತಂತೆ.

ಇನ್ನೇನು ಬೈಯುತ್ತಾಳೆ, ಬೈದುಬಿಡಲಿ, ಮುಗಿದುಹೋಗಲಿ ಎಂದು ಕಾದೆ.

"ಯಾರೇ ಅದು ನಿಮ್ಮ ಪೋಸ್ಟರಲ್ಲಿರೋ ದೇವಿ? ಎಷ್ಟು ಲಕ್ಷಣವಾಗಿದ್ದಾಳೆ. ಬೆಳ್ಳಿ ಕಣ್ಣು! ಅವಳನ್ನ ಕಂಡ್ಮೇಲೆ ನಮ್ಮವಳನ್ನ ಯಾರು ಕೇಳ್ತಾರೆ. ಎಲ್ಲಿ ಕೂರ್ಸಿದೀರ ನಮ್ಮವಳನ್ನ, ಮೂಲೇಲಾ?"

ಗುರುತೇ ಸಿಗಲಿಲ್ಲ ಅವಳಿಗೆ. ಹುಟ್ಟಿದಾಗಿನಿಂದ ದಿನವೂ ನೋಡಿದವಳಿಗೆ.

"ದೊಡ್ಡಮ್ಮ, ಸೋಮವಾರ ನಮ್ಮಲ್ಲಿ ಜನರನ್ನ ಒಳಗೆ ಬಿಡಲ್ಲ. ಪ್ರದರ್ಶನದ ಕೋಣೇಲಿ ಯಾರೂ ಇರಲ್ಲ. ನಾನು ಬಂದು ಕರ್ಕೊಂಡು ಹೋಗ್ತೀನಿ" ಎಂದೆ.

"ಮೆಟ್ಟಿಲು ಜಾಸ್ತಿ ಅಂದಿದ್ದೆ?"

"ಲಿಫ್ಟ್ ಇದೆ."

ಏಪ್ರಿಲ್ ೧೫, ಸೋಮವಾರ

ಹೊಸ ಸೀರೆ ಉಟ್ಟು ಬಂದಳು. ಉದ್ಘಾಟನೆಗೆಂದು ತೆಗೆದಿಟ್ಟದ್ದು.

ಅರ್ಧ ದೀಪಗಳನ್ನಷ್ಟೇ ಹಾಕಿದ್ದೆ. ಮೊದಲ ಗೋಡೆಯ ಮುಂದೆ ಕನ್ನಡಕ ಸರಿಮಾಡಿಕೊಂಡು ನಿಂತು ಪೂರ್ತಿ ಓದಿದಳು. ಬೆಂಕಿಯನ್ನೂ ಉಷಸ್ಸನ್ನೂ ಮಳೆಯನ್ನೂ ಹಾಡಿ ಕರೆದ ವೇದದ ಜನರಿಂದ ಹಿಡಿದು, ನಾನು ಯಾರು ಎಂದು ಕೇಳಿದ ಉಪನಿಷತ್ತಿನವರವರೆಗೆ, ಅಲ್ಲಿಂದ ಮನೆಮನೆಯ ಭಕ್ತಿಯವರೆಗೆ. ಹಲವು ಹೊಳೆ ಸೇರಿ ಆದದ್ದು, ಒಂದು ಬುಗ್ಗೆಯಿಂದ ಹುಟ್ಟಿದ್ದಲ್ಲ, ಸ್ಥಾಪಿಸಿದವರಿಲ್ಲ ಎಂದು ನಾನು ಕೊನೆಗೆ ಸೇರಿಸಿದ್ದನ್ನು ಓದಿ ನಕ್ಕಳು. "ಯಜಮಾನ ಇಲ್ದಿದ್ರೂ ಸಂಸಾರ ನಡೀತಾ ಇದೆ ಅನ್ನು."

ಆಮೇಲೆ ನಡುವಿನ ಪೆಟ್ಟಿಗೆಯ ಹತ್ತಿರ ಬಂದಳು. ಯಾವ ದೇವರಿಗಾದರೂ ಮುಗಿಯುವ ಹಾಗೆ ಒಮ್ಮೆ ಕೈ ಮುಗಿದು, ಮುಂದೆ ಹೋದಳು. ಕೋಣೆಯ ಮೂಲೆಗಳನ್ನೆಲ್ಲ ನೋಡಿದಳು. ನಾನು ಪೆಟ್ಟಿಗೆಯ ಪಕ್ಕ ನಿಂತೇ ಇದ್ದೆ.

"ಎಲ್ಲೇ ನಮ್ಮವಳು?"

"ಇವಳೇ, ದೊಡ್ಡಮ್ಮ."

ಹಿಂದಿರುಗಿ ಬಂದಳು. ಮುಖ ನೋಡಲಿಲ್ಲ, ಮೊದಲು ಪಾದ ನೋಡಿದಳು. ಎಡಗಾಲಿನ ಮುರಿದ ಕಿರುಬೆರಳು. ಅದನ್ನು ಬಹಳ ಹೊತ್ತು ನೋಡಿ, ನಿಧಾನವಾಗಿ ಮೇಲಕ್ಕೆ ಬಂದಳು. ಗಾಜಿನ ಮೇಲೆ ಬೆರಳಿಟ್ಟಳು.

"ಮುಖ?"

"ನಾನೇ ತೊಳೆದೆ."

"ಹಾಗೇ ಇದ್ದಾಳೆ ಅಂದಿದ್ದೆಯಲ್ಲೇ."

"ಸುಳ್ಳು ಹೇಳ್ದೆ. ಉದ್ಘಾಟನೆಗೆ ಬರ್ಬೇಡ ಅಂದಿದ್ದೂ ಅದಕ್ಕೇ."

ಬೆಂಚಿನ ಮೇಲೆ ಕೂತಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಯಾರೋ ಮೂರನೆಯವರ ಸಂಗತಿ ಹೇಳುವ ಹಾಗೆ ಹೇಳಿದಳು.

"ನಿಮ್ಮಮ್ಮ ಕೊನೇ ಸಲ ಕುಂಕುಮ ಇಟ್ಟಾಗ ಅವಳಿಗೆ ಏಳೋಕಾಗ್ತಿರ್ಲಿಲ್ಲ. ನಾನೇ ಇವಳನ್ನ ಹಾಸಿಗೆ ಹತ್ರ ತಂದು ಹಿಡ್ಕೊಂಡೆ. ಬೆರಳು ನಡುಗ್ತಿತ್ತು. ಹಣೆಗೆ ಇಡೋಕೆ ಹೋಗಿ ಮೂಗಿನ ತನಕ ಇಳೀತು. ಒರೆಸ್ಲಾ ಅಂದೆ. ಬೇಡಕ್ಕ, ನಾಳೆ ನಾನೇ ಸರಿ ಮಾಡ್ತೀನಿ ಅಂದ್ಲು. ನಾಳೆ ಎಲ್ಲಿತ್ತು. ಹಳೇ ಕಾಲದ ಕುಂಕುಮ ಮುಖದ ಮೇಲೆ ಮೊದ್ಲೇ ಗಟ್ಟಿಯಾಗಿ ಕೂತಿತ್ತು, ಮೇಲಿನದನ್ನ ಮಾತ್ರ ಒರೆಸ್ತಿದ್ವಿ. ಅವತ್ತಿಂದ ನಾನು ಮೈ ಒರೆಸ್ತೀನಿ, ಕಾಲು ತೊಳೀತೀನಿ, ಮುಖ ಒರೆಸೇ ಇಲ್ಲ. ಅದ್ರ ಮೇಲೇ ಇಡ್ತಾ ಬಂದೆ. ಒಳಗಡೆ ಅವಳದ್ದು ಇರತ್ತೆ ಅಂತ."

ಹಣೆಯಿಂದ ಮೂಗಿನ ತುದಿಯವರೆಗೆ ಇಳಿದ ಕಡುಗೆಂಪು ಗೆರೆ. ಅಡ್ಡಾದಿಡ್ಡಿ ಬಳಿದದ್ದು ಎಂದು ನಾನೇ ಇಲ್ಲಿ ಬರೆದಿದ್ದೇನೆ.

"ನಂಗ್ಯಾಕೆ ಹೇಳ್ಲಿಲ್ಲ ದೊಡ್ಡಮ್ಮ?"

"ಮುಟ್ಬೇಡ ಅಂದಿದ್ದೆನಲ್ಲ ಪುಟ್ಟಿ. ಅಷ್ಟು ಸಾಲ್ದಾ?"

ನನಗೆ ಬುದ್ಧಿ ಕೆಟ್ಟಿತ್ತು. ಏನಾದರೂ ಕೊಡಬೇಕು, ಏನನ್ನಾದರೂ ಹಿಂತಿರುಗಿಸಬೇಕು ಎಂಬುದಷ್ಟೇ ತಲೆಯಲ್ಲಿ. ಓಡಿಹೋಗಿ ಪ್ರಯೋಗಾಲಯದಿಂದ ಸೀಸೆ ತಂದು ಅವಳ ಕೈಗಿಟ್ಟೆ. "ಎಲ್ಲಾ ಇದ್ರಲ್ಲೇ ಇದೆ, ಒಂದು ಚೂರೂ ಎಸೆದಿಲ್ಲ" ಎಂದೆ. ಅವಳು ಸೀಸೆಯನ್ನು ಬೆಳಕಿಗೆ ಹಿಡಿದಳು. ಚೀಟಿ ಅವಳ ಕಡೆಗೇ ಇತ್ತು. ಕನ್ನಡಕವನ್ನು ಮೇಲೆ ಸರಿಸಿ ಒಂದೊಂದೇ ಅಕ್ಷರ ಓದಿದಳು.

"ಕೊಳೆ ಅಂತ ಬರ್ದಿದೀಯಾ" ಎಂದಳು.

ಸೀಸೆಯನ್ನು ನನ್ನ ಕೈಗೇ ಕೊಟ್ಟಳು. ಮನೆಗೆ ಕರೆದುಕೊಂಡು ಹೋದೆ. ಕಾರಿನಿಂದ ಇಳಿಯುವಾಗ ಕೈ ಹಿಡಿಯಲು ಹೋದೆ, ಬಾಗಿಲು ಹಿಡಿದುಕೊಂಡು ಇಳಿದಳು.

ಏಪ್ರಿಲ್ ೧೬, ಮಂಗಳವಾರ

ಚೀಟಿಯನ್ನು ನೀರಿನಲ್ಲಿ ನೆನೆಸಿ ಕಿತ್ತೆ. ಇನ್ನೇನು ಬರೆಯಬೇಕೆಂದು ತಿಳಿಯದೆ ಹಾಗೇ ಬಿಟ್ಟಿದ್ದೇನೆ.

ಏಪ್ರಿಲ್ ೨೧, ಭಾನುವಾರ

ಫೋನು ಎತ್ತುತ್ತಿಲ್ಲ. ಮನೆಗೆ ಹೋದೆ. ಬಾಗಿಲು ತೆರೆದಳು, ಚಹಾ ಕೊಟ್ಟಳು, ಬಟ್ಟೆ ಮಡಚುತ್ತ ಕೂತಳು. ದೇವರ ಗೂಡಿನಲ್ಲಿ ವಿಗ್ರಹದ ಜಾಗ ಖಾಲಿ ಇದೆ, ಅದರ ಮುಂದೆ ದೀಪ ಉರಿಯುತ್ತಿದೆ. ನಾನು ಕ್ಷಮಿಸು ಎಂದೆ. "ಚಹಾ ಆರೋಗತ್ತೆ, ಕುಡಿ" ಎಂದಳು.

ಅಮ್ಮನ ಮುಖ ನನಗೆ ನೆನಪಿಲ್ಲ. ಅವಳ ಬೆರಳಿನದ್ದೆಂದು ಈ ಭೂಮಿಯ ಮೇಲೆ ಉಳಿದಿದ್ದದ್ದು ಒಂದೇ ಗೆರೆ. ಅದನ್ನು ಚಾಕುವಿನಿಂದ ಎಬ್ಬಿಸಿ ತೆಗೆದವಳು ನಾನು.

ಏಪ್ರಿಲ್ ೨೮, ಭಾನುವಾರ

ಅವಳೇ ಫೋನು ಮಾಡಿದಳು. ಕುಶಲ ಕೇಳಲಿಲ್ಲ.

"ಪ್ರದರ್ಶನ ಮುಗಿದ್ಮೇಲೆ ಅವಳನ್ನ ನನ್ನ ಹತ್ರ ತರ್ಬೇಡ."

ನನಗೆ ಅಳು ಬಂತು. ಬೇಡವಾದಳು ಎಂದುಕೊಂಡೆ, ಅವಳೂ ನಾನೂ.

"ನಿನ್ನ ಮನೆಗೆ ಕರ್ಕೊಂಡು ಹೋಗು. ದಿನಾ ಕುಂಕುಮ ಇಡು. ಮುಖ ಒರೆಸ್ಬೇಡ."

"ನಂಗೆ ನಂಬಿಕೆ ಇಲ್ಲ ದೊಡ್ಡಮ್ಮ. ನಂಬಿಕೆ ಇಲ್ದೆ ಇಟ್ರೆ ಏನು ಬಂತು?"

"ನಂಬಿಕೆ ಯಾರು ಕೇಳಿದ್ರು? ಬೆರಳಿದ್ಯಲ್ಲ."

ಸ್ವಲ್ಪ ಧೈರ್ಯ ಬಂದು ಮೂರನೆಯ ಕಣ್ಣಿನ ವಿಷಯವನ್ನೂ ಹೇಳಿಬಿಟ್ಟೆ. ಲಕ್ಷ್ಮಿಯಲ್ಲವಂತೆ, ಇಷ್ಟು ದಿನ ತಪ್ಪು ಹೆಸರಿನಿಂದ ಕರೆದಿದ್ದೀರಂತೆ ಎಂದೆ.

"ಕರೆದಾಗೆಲ್ಲ ಬರ್ತಿದ್ಲು. ಬೇರೆ ಹೆಸರಿದೆ ಅಂತ ಅವಳೂ ಹೇಳ್ಲಿಲ್ಲ" ಎಂದಳು. ನಕ್ಕಳೋ ಇಲ್ಲವೋ ಗೊತ್ತಾಗಲಿಲ್ಲ.

"ನನ್ನ ಮೇಲಿನ ಕೋಪ ಹೋಯ್ತಾ?"

"ಇನ್ನೂ ಇಲ್ಲ. ಅವಳ ಮುಖ ಮೊದ್ಲಿನ ಹಾಗಾಗ್ಲಿ, ಆಮೇಲೆ ನೋಡೋಣ."

ಅಂಥದೊಂದು ಪದರ ಕಟ್ಟಲು ಎಷ್ಟು ಕಾಲ ಬೇಕೆಂದು ನನ್ನಷ್ಟು ಚೆನ್ನಾಗಿ ಬಲ್ಲವರಿಲ್ಲ. ದೊಡ್ಡಮ್ಮನಿಗೂ ಗೊತ್ತು. ಅವಳ ಕಾಲದಲ್ಲಿ ಆಗುವ ಕೆಲಸವಲ್ಲ.

ಜುಲೈ ೧, ಸೋಮವಾರ

ಪ್ರದರ್ಶನ ಮುಗಿಯಿತು. ಪೆಟ್ಟಿಗೆ ತೆರೆದು ಅವಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮನೆಗೆ ಬಂದೆ. ಮೇಡಂ ಅಕ್ಕರೆಯಿಂದಲೇ ಎಚ್ಚರಿಸಿದರು. "ಮತ್ತೆ ಎಣ್ಣೆ ಕುಂಕುಮ ಹಚ್ಚಿ ಹಾಳು ಮಾಡ್ಬೇಡಿ ಮತ್ತೆ. ನಿಮ್ಗೆ ಹೇಳ್ಬೇಕಾಗಿಲ್ಲ ಬಿಡಿ." ನಾನು ತಲೆಯಾಡಿಸಿದೆ. ಕಿಟಕಿಯ ಪಕ್ಕದ ಪುಸ್ತಕದ ಕಪಾಟಿನಲ್ಲಿ ಒಂದು ಖಾನೆ ಖಾಲಿ ಮಾಡಿ ಕೂರಿಸಿದೆ. ಬಿಸಿಲು ನೇರವಾಗಿ ಬೀಳುವುದಿಲ್ಲ, ಗಾಳಿ ಚೆನ್ನಾಗಿದೆ.

ಜುಲೈ ೨, ಮಂಗಳವಾರ

ಬೆಳಿಗ್ಗೆ ಸ್ನಾನ ಮಾಡಿ ಸೀಸೆ ತೆರೆದೆ. ಒಳಗಿದ್ದದ್ದನ್ನು ಅರೆದು, ಹೊಸ ಕುಂಕುಮದ ಜೊತೆ ಕಲಸಿ, ಒಂದು ಹನಿ ಎಣ್ಣೆ ಹಾಕಿದೆ. ಅದರಲ್ಲಿ ಅಮ್ಮನದು ಎಷ್ಟು, ದೊಡ್ಡಮ್ಮನದು ಎಷ್ಟು, ಅಜ್ಜಿಯದು ಎಷ್ಟು, ಬೇರ್ಪಡಿಸುವ ಯಂತ್ರ ನಮ್ಮಲ್ಲೂ ಇಲ್ಲ. ಉಂಗುರದ ಬೆರಳಿನಲ್ಲಿ ತೆಗೆದುಕೊಂಡು ಹಣೆಗೆ ಇಟ್ಟೆ. ಎಷ್ಟೊಂದು ಸೂಕ್ಷ್ಮ ಕೆಲಸ ಮಾಡಿದ ಕೈ ಇದು. ನಡುಗಿತು. ಕುಂಕುಮ ಮೂಗಿನವರೆಗೆ ಇಳಿಯಿತು.

ಒರೆಸಲು ಬಟ್ಟೆ ಎತ್ತಿಕೊಂಡಿದ್ದೆ. ಕೆಳಗಿಟ್ಟೆ.

ದೊಡ್ಡಮ್ಮನಿಗೆ ಫೋನು ಮಾಡಿ, "ಕುಂಕುಮ ಇಟ್ಟೆ, ಮೂಗಿನ ತನಕ ಇಳೀತು" ಎಂದೆ. "ನಾಳೆ ಸರಿಯಾಗಿ ಇಡು" ಎಂದಳು.

ಕೆಲಸಕ್ಕೆ ತಡವಾಯಿತು. ಕೈಗವಸು ಹಾಕಿಕೊಳ್ಳುವಾಗ ನೋಡಿದೆ, ಬೆರಳು ಇನ್ನೂ ಕೆಂಪಗಿತ್ತು. ತೊಳೆಯಲು ಹೊತ್ತಿರಲಿಲ್ಲ.